ಆದೋನಿ ಸೀಮೆಯಲ್ಲಿ ನೀರು ನೋಡಲು ಎಲ್ಲಿಗೆ ಹೋಗೋಣ?

ಆದೋನಿಯವರು ರಜೆಯಲ್ಲಿ ನೀರು ನೋಡಲು ಹೊರಟರೆ ಸಾಮಾನ್ಯವಾಗಿ ಜಿಲ್ಲೆಯನ್ನೇ ದಾಟಿ ಹೋಗುತ್ತಾರೆ. ಪಡುವಣಕ್ಕೆ ಹೊಸಪೇಟೆಯ ತುಂಗಭದ್ರಾ ಡ್ಯಾಮು, ಆನೆಗೊಂದಿಯ ಹರಿಗೋಲು, ಮೂಡಣಕ್ಕೆ ಶ್ರೀಶೈಲ. ನಡುವೆ ಸಿಗುವ ಎಮ್ಮಿಗನೂರು, ಕೋಸಿಗಿ, ಕೌತಾಳಂ, ಹೊಳಗುಂದಿ, ಆಲೂರು, ಪತ್ತಿಕೊಂಡ ಎಲ್ಲವೂ ಬಸ್ಸಿನ ಕಿಟಕಿಯಲ್ಲಿ ಹಾದುಹೋಗುವ ಎರೆಹೊಲಗಳಾಗಿಯೇ ಉಳಿಯುತ್ತವೆ. 2022ರ ಏಪ್ರಿಲ್‌ನಲ್ಲಿ ನಮ್ಮ ಕರ್ನೂಲು ಜಿಲ್ಲೆಯಿಂದ ನಂದ್ಯಾಲ ಬೇರೆ ಜಿಲ್ಲೆಯಾದಾಗ ಶ್ರೀಶೈಲದ ಹಿನ್ನೀರು, ಬೇಸಿಗೆಯಲ್ಲಿ ನೀರಿನಿಂದ ಮೇಲೆದ್ದು ಕಾಣುವ ಸಂಗಮೇಶ್ವರ, ರೋಳ್ಳಪಾಡಿನ ಹುಲ್ಲುಗಾವಲು ಇವೆಲ್ಲ ಆಚೆಗೆ ಹೋದವು. ಪ್ರವಾಸದ ಪುಸ್ತಕಗಳಲ್ಲಿ ಕರ್ನೂಲು ಜಿಲ್ಲೆಯ ಹೆಸರಿನಲ್ಲಿ ಅಚ್ಚಾಗುತ್ತಿದ್ದ ಚಿತ್ರಗಳಲ್ಲಿ ಅರ್ಧಕ್ಕರ್ಧ ಈಗ ಕರ್ನೂಲಿನವಲ್ಲ. ಉಳಿದದ್ದು ಪಶ್ಚಿಮದ ಈ ಬಯಲು. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸು ಮಳೆ ಬೀಳುವ, ಬಿದ್ದ ವರ್ಷವೂ ನಂಬಿಕೆಗೆ ನಿಲ್ಲದ ನೆಲ. ಕೋಸಿಗಿ, ಕೌತಾಳಂ ಕಡೆಯ ಸಂಸಾರಗಳು ಸುಗ್ಗಿ ಮುಗಿದ ಮೇಲೆ ಮನೆಗೆ ಬೀಗ ಹಾಕಿ ಮೆಣಸಿನಕಾಯಿ ಬಿಡಿಸಲು, ಹತ್ತಿ ಬಿಡಿಸಲು ಗುಂಟೂರಿಗೆ ಗುಳೆ ಹೋಗುವುದು ಇಂದಿಗೂ ನಿಂತಿಲ್ಲ.

ಇಂಥ ಸೀಮೆಯಲ್ಲಿ ದೋಣಿವಿಹಾರ, ಗಾಳದ ಹವ್ಯಾಸ, ದಡದ ಮೇಲೆ ಡೇರೆ ಹಾಕಿ ರಾತ್ರಿ ಕಳೆಯುವುದು ಎಂದರೆ ಕೇಳುವವರಿಗೆ ಎಟುಕದ ಮಾತಾಗಿ ತೋರುತ್ತದೆ. ಆದರೂ ಇಲ್ಲಿ ಹೊಳೆಯಿದೆ, ಹಳ್ಳವಿದೆ, ಜಲಾಶಯವಿದೆ, ಬೆಟ್ಟದ ಮೇಲೆ ಕೊಳಗಳಿವೆ. ಕೆಲವು ಜಾಗಗಳು ತಕ್ಕ ತಿಂಗಳಲ್ಲಿ ಎಷ್ಟು ಚೆಲುವಾಗಿರುತ್ತವೆ ಎಂದರೆ, ಪಕ್ಕದ ಊರಿನವರೇ ನೋಡಿಲ್ಲವಲ್ಲ ಎಂದು ನನಗೆ ಸಂಕಟವಾಗುತ್ತದೆ. ಯಾವ ನೀರಿನ ಬಳಿ ಹೋಗುವಾಗಲೂ ಕೇಳಿಕೊಳ್ಳಬೇಕಾದದ್ದು ಎರಡೇ. ಈ ನೀರು ಯಾವ ತಿಂಗಳಲ್ಲಿ ಇರುತ್ತದೆ? ಇದು ಯಾರ ಬದುಕಿನ ನೀರು?

ಊರಿನಿಂದಲೇ ಮೊದಲು ಮಾಡೋಣ. ಆದೋನಿಯ ಕೋಟೆ ಕಲ್ಲುಬೆಟ್ಟಗಳ ಗುಂಪೊಂದನ್ನು ಬಳಸಿ ನಿಂತಿದೆ. ಅವುಗಳಲ್ಲಿ ಎತ್ತರದ ಬಾರಾಕಿಲ್ಲಾ ಮತ್ತು ತಾಳಿಬಂಡೆ ಬಯಲಿನಿಂದ ಎಂಟುನೂರು ಅಡಿ ಮೇಲೇಳುತ್ತವೆ. ವಿಜಯನಗರದವರು, ಬಿಜಾಪುರದ ಆದಿಲ್‌ಶಾಹಿಗಳು, ಆಮೇಲೆ ಸಿದ್ದಿ ಮಸೂದ್ ಖಾನ್, ಮೊಗಲರು, 1786ರಲ್ಲಿ ಮುತ್ತಿಗೆ ಹಾಕಿ ಗೆದ್ದ ಟಿಪ್ಪು, ಹೀಗೆ ಬಂದವರೆಲ್ಲ ಈ ಬೆಟ್ಟಕ್ಕೆ ಆಸೆಪಟ್ಟರು. ಕೋಟೆ ನಿಲ್ಲುವುದು ಗೋಡೆಯ ಬಲದಿಂದಷ್ಟೇ ಅಲ್ಲವಲ್ಲ. ಬಾರಾಕಿಲ್ಲಾದ ಅರ್ಧ ಎತ್ತರದಲ್ಲಿ ಸಿಹಿನೀರಿನ ಕೊಳವೊಂದಿದೆ, ಅದು ಎಂದೂ ಬತ್ತುವುದಿಲ್ಲವೆಂದು ಹೇಳುತ್ತಾರೆ ಎಂದು ಬ್ರಿಟಿಷರ ಕಾಲದ ಗೆಝೆಟಿಯರ್ ಬರೆದಿಟ್ಟಿದೆ. ಬೆಟ್ಟದ ಬುಡದ ರಾಮಜಲವಂತೂ ತಲೆಮಾರುಗಳ ಕಾಲ ಊರಿನ ದಾಹ ತೀರಿಸಿದ ನೀರು. ಮಳೆ ಚೆನ್ನಾಗಿ ಹಿಡಿದ ವರ್ಷ ಅಕ್ಟೋಬರ್ ಬೆಳಗಿನಲ್ಲಿ ರಣಮಂಡಲದ ಆಂಜನೇಯನ ಮೆಟ್ಟಿಲು ಹತ್ತಿ ತಿರುಗಿ ನೋಡಿದರೆ, ಬಂಡೆಗಳ ನಡುವೆ ನಿಂತ ನೀರು, ಅದರಾಚೆ ಜಿನ್ನಿಂಗ್ ಮಿಲ್ಲುಗಳ ಚಿಮಣಿಗಳು, ಇನ್ನೂ ಆಚೆ ಕಣ್ಣು ಹರಿಯುವಷ್ಟು ಹತ್ತಿಹೊಲ. ಪೇಟೆಯ ಇಷ್ಟು ಹತ್ತಿರ ಇಂಥ ನೋಟ ಸಿಗುವ ಊರು ಈ ಸೀಮೆಯಲ್ಲಿ ಮತ್ತೊಂದಿಲ್ಲ.

ಆದರೆ ಇಲ್ಲಿ ಈಜಬೇಕೆಂದಾಗಲಿ, ದೋಣಿ ಇಳಿಸಬೇಕೆಂದಾಗಲಿ ನಾನು ಹೇಳಲಾರೆ. ಬಂಡೆಯ ಕೊಳಗಳು ಅಂಚಿನಲ್ಲಿಯೇ ಆಳ. ಪಾಚಿ ಹಿಡಿದ ಕಲ್ಲು ಕಾಲು ನಿಲ್ಲಿಸುವುದಿಲ್ಲ. ಇವು ನಡೆದು, ಹತ್ತಿ, ಕೂತು ನೋಡುವ ನೀರು. ಕೋಟೆಯ ಕೊಳಗಳ ಹೂಳೆತ್ತಿಸಿ, ಮೇಲಿನವರೆಗೆ ಒಂದು ಒಳ್ಳೆಯ ಕಾಲುದಾರಿ ಮಾಡಿ, ದಾರಿಯಲ್ಲಿ ಎರಡು ಕಡೆ ನೆರಳು ಕಟ್ಟಿದರೆ ಸಾಕು. ಇಷ್ಟಕ್ಕೆ ದೊಡ್ಡ ಯೋಜನೆ ಬೇಕಿಲ್ಲ.

ಊರಿನ ಇಂದಿನ ಕುಡಿಯುವ ನೀರು ಬರುವುದು ಬಸಲದೊಡ್ಡಿಯ ಬೇಸಿಗೆ ಸಂಗ್ರಹ ಕೆರೆಯಿಂದ. ಏರಿಯ ಮೇಲೆ ನಿಂತರೆ ನೀಲಿ ಹರವು, ಗಾಳಿಗೆ ಸಣ್ಣ ಅಲೆ, ಚಳಿಗಾಲದಲ್ಲಿ ಬಾತುಗಳ ಹಿಂಡು. ಇಂಥ ಕೆರೆಗಳು ಈಗ ಈ ಸೀಮೆಯ ಹಲವು ಊರುಗಳಿಗೆ ಇವೆ. ಇಲ್ಲಿ ದೋಣಿ ಬಿಟ್ಟರೆ ಹೇಗೆ ಎಂಬ ಸಲಹೆ ಯಾರಿಗಾದರೂ ಹೊಳೆಯುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಕೂಡದು. ಬೇಸಿಗೆಯಲ್ಲಿ ನಲ್ಲಿಗೆ ಎಷ್ಟೋ ದಿನಕ್ಕೊಮ್ಮೆ ನೀರು ಬಿಡುವ ಊರಿನಲ್ಲಿ ಕುಡಿಯುವ ನೀರಿನ ಮೇಲೆ ಡೀಸೆಲ್ ದೋಣಿ ಓಡಿಸುವುದು, ಏರಿಯ ಮೇಲೆ ತಿಂಡಿ ಅಂಗಡಿ ಹಾಕುವುದು ಸಲ್ಲದ ಕೆಲಸ. ಏರಿಯ ಮೇಲೆ ನಡೆದು ಹಕ್ಕಿ ನೋಡಿ ಬರಲಿ, ಅಷ್ಟು ಸಾಕು.

ಈ ಕೆರೆಗಳನ್ನು ತುಂಬುವುದು ತುಂಗಭದ್ರೆಯ ಕೆಳಮಟ್ಟದ ಕಾಲುವೆ. ಎಲ್ಲರ ಬಾಯಲ್ಲೂ ಅದು ಎಲ್‌ಎಲ್‌ಸಿ. ಹೊಸಪೇಟೆಯ ಡ್ಯಾಮಿನ ಬಲದಂಡೆಯಿಂದ ಹೊರಟು, ಬಹುಪಾಲು ದಾರಿಯನ್ನು ಕರ್ನಾಟಕದೊಳಗೇ ಕ್ರಮಿಸಿ, ಬಳ್ಳಾರಿ, ಸಿರುಗುಪ್ಪದ ಗದ್ದೆಗಳನ್ನು ತಣಿಸಿ ಮಿಕ್ಕಿದ ನೀರು ಹೊಳಗುಂದಿ, ಕೌತಾಳಂ, ಆದೋನಿ, ಎಮ್ಮಿಗನೂರುಗಳಿಗೆ ಬರುತ್ತದೆ. ಕಾಲುವೆಯ ಕೊನೆಯ ಭಾಗದ ರೈತ ವರ್ಷವೆಲ್ಲ ಮೇಲ್ಭಾಗದವರ ಮನಸ್ಸನ್ನೂ ಡ್ಯಾಮಿನ ಮಟ್ಟವನ್ನೂ ಲೆಕ್ಕ ಹಾಕುತ್ತ ಬದುಕುತ್ತಾನೆ. ಕಾಲುವೆ ತುಂಬಿ ಹರಿಯುವಾಗ ನೋಡಲು ಬಲು ಚೆಂದ. ಎರಡೂ ಕಡೆ ಜಾಲಿ, ಹಸಿರು ಭತ್ತ, ಏರಿಯ ಮೇಲೆ ಕುರಿಮಂದೆ. ಈ ಚೆಂದವನ್ನು ನಂಬಿ ಇಳಿದವರು ಅನೇಕರು ಮರಳಿ ಹತ್ತಿಲ್ಲ. ಗಾರೆ ಬಳಿದ ಇಳಿಜಾರು ದಡದಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ, ಮೇಲೆ ಸಪಾಟಾಗಿ ಕಾಣುವ ನೀರಿಗೆ ಒಳಗೆ ಸೆಳವು ಬಲ. ಶ್ರಾವಣದಲ್ಲಿ ಉರುಕುಂದಿ ಈರಣ್ಣನ ದರ್ಶನಕ್ಕೆ ಬರುವ ಸಾವಿರಾರು ಜನ ಈ ಕಾಲುವೆಯಲ್ಲೇ ಮೀಯುತ್ತಾರೆ. ಅದು ಹೊಸ ನೀರು ರಭಸವಾಗಿ ಬರುವ ತಿಂಗಳು ಕೂಡ ಹೌದು. ಮೀಯುವ ಜಾಗಗಳಲ್ಲಿ ಮೆಟ್ಟಿಲು, ಸರಪಣಿ, ಅಡ್ಡಗಂಬಿ ಹಾಕಿಸುವುದು ಯಾವ ದೋಣಿಮನೆಗಿಂತಲೂ ಮೊದಲು ಆಗಬೇಕಾದ ಕೆಲಸ.

ಇನ್ನು ಹೊಳೆ. ಹಗರಿಯನ್ನು ಕೂಡಿಸಿಕೊಂಡು ಸಿರುಗುಪ್ಪದ ಸೀಮೆ ದಾಟಿದ ಮೇಲೆ ತುಂಗಭದ್ರೆ ಗಡಿಯಾಗುತ್ತದೆ. ಬಲದಂಡೆ ಕರ್ನೂಲು, ಎಡದಂಡೆ ಮೊದಲು ರಾಯಚೂರು, ಕೆಳಗೆ ಹೋದಂತೆ ತೆಲಂಗಾಣದ ಗದ್ವಾಲ ಸೀಮೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಅಂದಿನ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು ತಾಲ್ಲೂಕುಗಳು ಈ ಕಡೆಗೆ ಬಂದವು. ಗೆರೆ ನಕ್ಷೆಯ ಮೇಲೆ ಬಿತ್ತು. ಮಾತು, ಬೀಗತನ, ಸಂತೆ, ಜಾತ್ರೆ ಎರಡೂ ದಡಗಳಲ್ಲಿ ಹಾಗೆಯೇ ಉಳಿದವು. ಇಂದಿಗೂ ನದಿಚಾಗಿ, ಮೇಳಿಗನೂರಿನಂಥ ಹೊಳೆಯಂಚಿನ ಊರುಗಳಲ್ಲಿ ಒಂದೇ ಕಟ್ಟೆಯ ಮೇಲೆ ಕನ್ನಡ, ತೆಲುಗು ಎರಡೂ ಕೇಳಿಸುತ್ತವೆ. ಹರಿಗೋಲನ್ನು ಒಬ್ಬರು ಹರಗೋಲು ಅನ್ನುತ್ತಾರೆ, ಪಕ್ಕದವರು ಪುಟ್ಟಿ ಅನ್ನುತ್ತಾರೆ. ಹತ್ತುವುದು ಒಂದೇ ಬುಟ್ಟಿ.

ಈ ಹೊಳೆಗೆ ಆದೋನಿಯ ಮಳೆಗಿಂತ ಆಗುಂಬೆ, ಶೃಂಗೇರಿ ಕಡೆಯ ಮಳೆಯೇ ಮುಖ್ಯ. ಅಲ್ಲಿ ಆಷಾಢದ ಮಳೆ ಹಿಡಿದು, ಹೊಸಪೇಟೆಯ ಡ್ಯಾಮು ತುಂಬಿ, ಗೇಟುಗಳು ಎದ್ದ ಮೇಲೆ ಇಲ್ಲಿ ಕೆಂಪು ನೀರು ಬರುತ್ತದೆ. ಮೋಡವೇ ಇಲ್ಲದ ಆಕಾಶದ ಕೆಳಗೆ ಹೊಳೆ ಏರುವುದನ್ನು ಹೊರಗಿನಿಂದ ಬಂದವರು ತಿಳಿದಿರುವುದಿಲ್ಲ. ಬಂಡೆಯ ಮೇಲೆ ಕುಳಿತು ಊಟ ಮಾಡುತ್ತಿದ್ದವರ ಸುತ್ತ ನೀರು ಬಂದುಬಿಡುವುದು ಹೀಗೆಯೇ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದ ಡ್ಯಾಮು ಹೂಳು ತುಂಬಿ ಈಗ 105ರ ಸುಮಾರಿಗೆ ಇಳಿದಿದೆ. ಹಾಗಾಗಿ ಬೇಗ ತುಂಬುತ್ತದೆ, ಬೇಗ ಬಿಡುತ್ತದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಣಿ ತುಂಡಾಗಿ, ಕೂಡಿಟ್ಟ ನೀರು ಹೊಳೆ ಪಾಲಾದಾಗ ಕೆಳಗಿನ ದಡದ ಊರುಗಳೆಲ್ಲ ನಿದ್ದೆಗೆಟ್ಟು ಕಾದವು. ಮರುವರ್ಷ ಗೇಟುಗಳ ಭಯದಿಂದ 80 ಟಿಎಂಸಿಗಿಂತ ಹೆಚ್ಚು ನಿಲ್ಲಿಸದೆ ಬಿಡುತ್ತ ಬಂದರು. ಹೊಸಪೇಟೆಯಲ್ಲಿ ಒಂದು ಸರಪಣಿಗೆ ಆದದ್ದು ಮಂತ್ರಾಲಯದಲ್ಲಿ ಸ್ನಾನಘಟ್ಟದ ಎಷ್ಟು ಮೆಟ್ಟಿಲು ಕಾಣುತ್ತವೆ ಎಂಬುದನ್ನು ನಿರ್ಧರಿಸುತ್ತದೆ.

2009ರ ಅಕ್ಟೋಬರ್ ಮೊದಲ ವಾರವನ್ನು ಈ ದಡದವರು ಮರೆತಿಲ್ಲ, ಮರೆಯಲೂ ಬಾರದು. ಮಂತ್ರಾಲಯದ ಮಠದೊಳಗೆ ನೀರು ನುಗ್ಗಿತು. ಕರ್ನೂಲು ನಗರದ ಬಹುಭಾಗ ಮುಳುಗಿತು. ನಾಗಲದಿನ್ನೆಯ ಸೇತುವೆ ಕೊಚ್ಚಿಹೋಯಿತು. ಮತ್ತೆ ಸೇತುವೆ ಆಗಲು ವರ್ಷಗಳೇ ಹಿಡಿದವು. ದಡದ ಮೇಲೆ ಡೇರೆ ಹಾಕುವ ಜಾಗ ಗುರುತಿಸುವವರು ಆ ವರ್ಷದ ನೀರಿನ ಗುರುತು ಎಲ್ಲಿದೆ ಎಂದು ಹಳ್ಳಿಯವರನ್ನು ಕೇಳಿದರೆ ಸಾಕು. ಗೋಡೆ ತೋರಿಸುತ್ತಾರೆ.

ಆದರೆ ಅಕ್ಟೋಬರ್ ಕೊನೆಯಿಂದ ಜನವರಿಯವರೆಗಿನ ತುಂಗಭದ್ರೆಯನ್ನು ನೋಡಬೇಕು. ಕೆಂಪು ಇಳಿದು ನೀರು ತಿಳಿಯಾಗುತ್ತದೆ. ಬೂದುಬಣ್ಣದ ಬಂಡೆಗಳು ಒಂದೊಂದಾಗಿ ಮೇಲೇಳುತ್ತವೆ. ಅವುಗಳ ನಡುವೆ ಹೊಳೆ ಹಲವು ಕವಲಾಗಿ ಹರಿದು ಮತ್ತೆ ಕೂಡುತ್ತದೆ. ಕೋಸಿಗಿ ಮಂಡಲದ ಅಗಸನೂರಿನ ಎದುರಿಗೆ ರಾಜೋಳಿಬಂಡದ ಆಣೆಕಟ್ಟು ಇದೆ. ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳ 1944ರ ಒಪ್ಪಂದದ ನೆರಳಿನಲ್ಲಿ ಮೂಡಿ, 1950ರ ದಶಕದ ಕೊನೆಗೆ ಮುಗಿದ ಕಟ್ಟೆ. ಎಡಗಡೆಯ ಕಾಲುವೆ ಗದ್ವಾಲ, ಆಲಂಪುರದ ಹೊಲಗಳಿಗೆ ಹೋಗುತ್ತದೆ. ಬಲಗಡೆಯವರಿಗೂ ಒಂದು ಕಾಲುವೆ ಬೇಕೆಂಬುದು ಬಹಳ ದಿನಗಳ ಬೇಡಿಕೆ. ಗೇಟುಗಳಿಲ್ಲದ ಉದ್ದನೆಯ ಕಲ್ಲುಕಟ್ಟೆಯ ಮೇಲೆ ಇಡೀ ಹೊಳೆ ತೆಳ್ಳಗೆ ಹಾಸಿ ಜಾರಿ ಬೀಳುವುದನ್ನು ದಡದ ಬಂಡೆಯ ಮೇಲೆ ಕುಳಿತು ಅರ್ಧ ದಿನ ನೋಡಬಹುದು. ಕಟ್ಟೆಯ ಹಿಂದೆ ನಿಂತ ನೀರು ಹರಿಗೋಲಿಗೆ ಹೇಳಿಮಾಡಿಸಿದ್ದು. ಕಟ್ಟೆಯ ಕೆಳಗಿನ ಸುಳಿಗೆ ಮಾತ್ರ ಯಾರೂ ಇಳಿಯಬಾರದು.

ಹರಿಗೋಲಿನ ಮಾತು ಬಂದಿತು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸ್ ಇದೇ ಹೊಳೆಯ ಮೇಲಿನ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹತ್ತುತ್ತಾರೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತಾರೆ ಎಂಬುದು ಅವನ ವರ್ಣನೆಯ ಸಾರ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಕೆಲವು ಕಡೆ ಫೈಬರ್ ಪುಟ್ಟಿಗಳೂ ಇವೆ. ಬಿದಿರಿನ ಹೆಣಿಗೆ, ಒಂದೇ ಹುಟ್ಟಿನಿಂದ ತಿರುಗಿಸುತ್ತ ಮುಂದೆ ಸಾಗಿಸುವ ಕೈಚಳಕ ಅದೇ ಉಳಿದಿದೆ. ತಳ ಚಪ್ಪಟೆಯಾದ್ದರಿಂದ ಗೇಣುದ್ದ ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಬಳುಕಿ ಜಾರುತ್ತದೆ. ಬಂಡೆ ತುಂಬಿದ ಈ ಹೊಳೆಗೆ ಮೋಟಾರು ದೋಣಿ ತಂದರೆ ಮೊದಲ ವಾರವೇ ಪಂಖ ಮುರಿಯುತ್ತದೆ. ದಡದ ಅಂಬಿಗರು, ಬೆಸ್ತರು ಇಲ್ಲಿನ ಒಂದೊಂದು ಮಡುವನ್ನೂ ಬಲ್ಲರು. ಎಲ್ಲಿ ಸುಳಿ, ಎಲ್ಲಿ ಹೂತ ಮರಳು, ಎಲ್ಲಿ ಮೊಸಳೆ ಬಿಸಿಲಿಗೆ ಮಲಗುತ್ತದೆ ಎಂಬುದೆಲ್ಲ ಅವರ ತಲೆಯಲ್ಲಿದೆ. ಮೊಸಳೆ ಎಂದದ್ದು ಹೆದರಿಸಲಿಕ್ಕಲ್ಲ. ಈ ಹೊಳೆಯಲ್ಲಿ ಅವು ನಿಜವಾಗಿ ಇವೆ. ಮೇಲೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಕರ್ನಾಟಕ 2015ರಲ್ಲಿ ನೀರುನಾಯಿಗಳ ಸಂರಕ್ಷಣೆಗೆ ಮೀಸಲಿಟ್ಟಿತು. ಕೆಳಗಿನ ಈ ಗಡಿಹೊಳೆಗೆ ಅಂಥ ಕಾವಲು ಯಾವುದೂ ಇಲ್ಲ. ಮರಳು ತೆಗೆಯುವ ಟ್ರ್ಯಾಕ್ಟರುಗಳು ಬಗೆದ ಹೊಂಡಗಳು ಮಾತ್ರ ಹೆಚ್ಚುತ್ತಿವೆ. ನೀರು ಬಂದಾಗ ಆ ಹೊಂಡಗಳೇ ಈಜಲು ಇಳಿದವರ ಪ್ರಾಣ ತೆಗೆಯುತ್ತವೆ.

ಮೀನಿನ ಕತೆ ಬೇರೆ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ನದಿಗಳಿಂದ ತಂದು ಬಿಟ್ಟ ತಳಿಗಳು. ಈಗ ಸಂತೆಯಲ್ಲಿ ಸಿಗುವುದು ಬಹುಪಾಲು ಇವೇ. ಹೊಳೆಯ ಮೂಲನಿವಾಸಿಗಳಲ್ಲಿ ಗಾಳದವನ ಮನಸ್ಸು ಕದಿಯುವುದು ಕೊರಮೀನು ಮತ್ತು ಬಾಳೆಮೀನು. ಕೊರಮೀನಿಗೆ ಮರಿಗಪ್ಪೆ ಬೇಕು, ಕಲ್ಲುಸಂದಿ ಬೇಕು, ತಾಳ್ಮೆ ಬೇಕು. ರೋಹುಗೆ ಜೋಳದ ಹಿಟ್ಟಿನ ಉಂಡೆ ಸಾಕು. ಕೆರೆ, ಕಾಲುವೆ ಎಲ್ಲ ಕಡೆ ತುಂಬಿಕೊಂಡಿರುವ ಜಿಲೇಬಿ ಮೀನು ಎರೆಹುಳುವಿಗೂ ಬರುತ್ತದೆ. ಮಕ್ಕಳಿಗೆ ಗಾಳ ಕಲಿಸಲು ಅದೇ ಒಳ್ಳೆಯದು. ಹೊಸ ನೀರು ಬಂದಾಗ ಮೀನು ಮೊಟ್ಟೆಯಿಡಲು ಎದುರೇರುತ್ತದೆ. ಆ ಎರಡು ತಿಂಗಳು ಗಾಳವನ್ನೂ ಬಲೆಯನ್ನೂ ಕಟ್ಟಿಡಬೇಕು. ಮಂತ್ರಾಲಯದ ಸ್ನಾನಘಟ್ಟದ ಆಸುಪಾಸಿನಲ್ಲಿ ಗಾಳ ಹಾಕಬಾರದೆಂದು ಹೇಳಬೇಕಾಗಿಯೇ ಇಲ್ಲ. ಇನ್ನು ಕೆರೆಗಳ ವಿಷಯ: ಮೀನುಗಾರಿಕೆ ಇಲಾಖೆ ಮರಿ ಬಿಟ್ಟ ಕೆರೆ, ಜಲಾಶಯಗಳ ಮೀನಿಗೆ ಒಡೆಯರಿದ್ದಾರೆ. ಮೀನುಗಾರರ ಸಹಕಾರ ಸಂಘವೋ ಹರಾಜಿನಲ್ಲಿ ಹಿಡಿದವರೋ ಹಣ ಕಟ್ಟಿ ಆ ಮೀನು ಬೆಳೆಸಿರುತ್ತಾರೆ. ಪಟ್ಟಣದಿಂದ ಕಾರಿನಲ್ಲಿ ಬಂದು ಹೇಳದೆ ಕೇಳದೆ ಗಾಳ ಇಳಿಸುವುದು ಇನ್ನೊಬ್ಬರ ಹೊಲಕ್ಕೆ ಇಳಿದು ಶೇಂಗಾ ಕಿತ್ತಂತೆ. ಸಂಘದವರನ್ನು ಕೇಳಿ, ದಿನಕ್ಕಿಷ್ಟು ಎಂದು ಕೊಟ್ಟು ಕುಳಿತರೆ ಜಾಗವನ್ನೂ ಅವರೇ ತೋರಿಸುತ್ತಾರೆ.

ಮಂತ್ರಾಲಯದ ದಡವನ್ನು ಹೆಚ್ಚು ವರ್ಣಿಸಬೇಕಿಲ್ಲ. 1671ರಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶ ಮಾಡಿದ ಆ ಮಂಚಾಲೆ ಗ್ರಾಮಕ್ಕೆ ವರ್ಷಕ್ಕೆ ಲಕ್ಷಗಟ್ಟಲೆ ಕನ್ನಡಿಗರು ಬರುತ್ತಾರೆ. ಅವರಲ್ಲಿ ಹೊಳೆಯನ್ನು ಹೊಳೆಯಾಗಿ ನೋಡುವವರು ಕಡಿಮೆ. ಆಚೆ ದಡದಲ್ಲಿ ಸ್ವಾಮಿಗಳ ಶಿಷ್ಯ ಅಪ್ಪಣಾಚಾರ್ಯರ ಬಿಚ್ಚಾಲೆ, ಪಂಚಮುಖಿಯ ಬೆಟ್ಟ ಇವೆ. ಚಳಿಗಾಲದಲ್ಲಿ ಈ ಮೂರನ್ನೂ ಸೇರಿಸಿ ನುರಿತ ಅಂಬಿಗರ ಹರಿಗೋಲಿನ ದಾರಿಯೊಂದನ್ನು ಮಾಡಿದರೆ, ದರ್ಶನ ಮುಗಿಸಿ ಸಂಜೆಯ ರೈಲಿಗೆ ಓಡುವವರು ಒಂದು ರಾತ್ರಿಯಾದರೂ ಉಳಿಯುತ್ತಾರೆ. ಆ ಹಣ ಹೊಳೆಯಂಚಿನ ಮನೆಗಳಿಗೆ ಸೇರುತ್ತದೆ. ಗಡಿ ಎರಡು ರಾಜ್ಯಗಳದಾದ್ದರಿಂದ ರಾಯಚೂರು, ಕರ್ನೂಲು ಎರಡೂ ಜಿಲ್ಲಾಡಳಿತಗಳು ಕೂತು ಮಾತಾಡಬೇಕು. 2020ರ ನವೆಂಬರ್‌ನಲ್ಲಿ ತುಂಗಭದ್ರಾ ಪುಷ್ಕರ ಬಂದಾಗ, ಕೊರೊನಾದ ಕಟ್ಟುಪಾಡುಗಳ ನಡುವೆಯೂ, ದಡದ ಘಟ್ಟಗಳಿಗೆ ಗಮನ ಸಿಕ್ಕಿತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಆ ಗಮನ ವರ್ಷವೂ ಬೇಕು.

ಇನ್ನೂ ಕೆಳಗೆ ಸುಂಕೇಸುಲ. ಇಲ್ಲಿನ ನೀರಿಗೆ ದೋಣಿಯ ಹಳೆಯ ನಂಟಿದೆ. 1860ರ ದಶಕದಲ್ಲಿ ಮದ್ರಾಸು ನೀರಾವರಿ ಕಂಪನಿ ಇಲ್ಲಿ ಕಟ್ಟೆ ಕಟ್ಟಿ ಕಡಪದವರೆಗೆ ಕರ್ನೂಲು-ಕಡಪ (ಕೆ.ಸಿ.) ಕಾಲುವೆ ತೋಡಿದ್ದು ಹೊಲಕ್ಕೆ ನೀರು ಹಾಯಿಸುವುದಕ್ಕಷ್ಟೇ ಅಲ್ಲ. ಸರಕು ತುಂಬಿದ ದೋಣಿಗಳು ಓಡಲೆಂದು ಲಾಕುಗಳನ್ನೂ ಕಟ್ಟಿದರು. ಕಂಪನಿಗೆ ಅದು ಲಾಭ ತರಲಿಲ್ಲ. 1882ರಲ್ಲಿ ಸರ್ಕಾರವೇ ಕೊಂಡುಕೊಂಡಿತು. ಇಂದು ಆ ಜಾಗದಲ್ಲಿ ಕೋಟ್ಲ ವಿಜಯಭಾಸ್ಕರ ರೆಡ್ಡಿಯವರ ಹೆಸರಿನ ಬ್ಯಾರೇಜು ನಿಂತಿದೆ, ಸುಮಾರು 1.2 ಟಿಎಂಸಿ ಹಿಡಿಯುತ್ತದೆ, ಕರ್ನೂಲು ನಗರದ ಕುಡಿಯುವ ನೀರಿಗೂ ಆಸರೆ. ಆದೋನಿಯಿಂದ ದೂರವಾದರೂ ಹಿನ್ನೀರಿನ ಹರವು, ದಡದ ಹಳೆಯ ಕಲ್ಲುಕೆಲಸ ನೋಡುವಂಥವು. ಕರ್ನೂಲಿನಾಚೆಯ ಓರ್ವಕಲ್ಲು ಬಂಡೆತೋಟದ ಕೊಳದಲ್ಲಿ ಮಕ್ಕಳನ್ನು ದೋಣಿಯಲ್ಲಿ ಕೂರಿಸಿ ಬರಬಹುದು. ಆದರೆ ಅದು ನಮ್ಮ ಪಶ್ಚಿಮದ ಮಾತಲ್ಲ.

ಹಗರಿಗೆ ಬರೋಣ. ಚಿತ್ರದುರ್ಗದ ಕಡೆ ವೇದಾವತಿ ಎನಿಸಿಕೊಳ್ಳುವ ಈ ಹೊಳೆಯನ್ನು ಹಿರಿಯೂರಿನ ವಾಣಿವಿಲಾಸ ಸಾಗರವೂ, ಕೆಳಗೆ ಭೈರವಾನಿತಿಪ್ಪವೂ ತಡೆದು ನಿಲ್ಲಿಸುತ್ತವೆ. ಹಾಲಹರ್ವಿ ಮಂಡಲದ ಗುಳ್ಯಕ್ಕೆ ಬರುವ ಹೊತ್ತಿಗೆ ವರ್ಷದ ಬಹುಪಾಲು ಉಳಿಯುವುದು ಮರಳು. ಆ ಮರಳು ಗಾಳಿಗೆ ಎದ್ದು ಮೂಡಣ ದಡದ ಹೊಲಗಳನ್ನು ಮುಚ್ಚುತ್ತಿದ್ದುದು ಹಿಂದಿನ ಶತಮಾನದ ಕಡತಗಳಲ್ಲೂ ಇದೆ. 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷಗಳ ಮೇಲೆ ಕೋಡಿ ಹರಿದಾಗ ಕೆಳಗಿನವರೂ ಹೊಳೆಯನ್ನು ಹೊಳೆಯಾಗಿ ಕಂಡರು. ಹಗರಿಗೆ ದೋಣಿಗಾಗಿ, ಮೀನಿಗಾಗಿ ಹೋಗಬೇಡಿ. ಮಾಘದ ಬೆಳುದಿಂಗಳಲ್ಲಿ ಅರ್ಧ ಮೈಲಿ ಅಗಲದ ಬಿಳಿ ಮರಳಿನ ಮೇಲೆ ಕುಳಿತು, ಒಂದು ಮೊಳ ಬಗೆದರೆ ಜಿನುಗುವ ಸಿಹಿನೀರು ಕುಡಿಯಲು ಹೋಗಿ. ಬಳ್ಳಾರಿ ಸೀಮೆಯಲ್ಲಿ ಗಾದಿಲಿಂಗಪ್ಪ ಎಂಬ ಹೆಸರು ಇಷ್ಟು ಮನೆಗಳಲ್ಲಿ ಏಕಿದೆ ಎಂದು ಯೋಚಿಸಿದವರಿಗೆ ಗುಳ್ಯದ ಗುಡಿಯಲ್ಲಿ ಉತ್ತರವೂ ಸಿಗುತ್ತದೆ.

ದೋಣಿವಿಹಾರಕ್ಕೆ ಈ ಇಡೀ ಸೀಮೆಯಲ್ಲಿ ಒಂದೇ ಜಾಗ ಆರಿಸು ಎಂದರೆ ನಾನು ಗಾಜುಲದಿನ್ನೆಯನ್ನು ಆರಿಸುತ್ತೇನೆ. ಮದ್ದಿಕೆರೆಯ ಹೊಲಗಳಲ್ಲಿ ಹುಟ್ಟಿ ಕರ್ನೂಲಿನಲ್ಲಿ ತುಂಗಭದ್ರೆಗೆ ಸೇರುವ ಹಂದ್ರಿ ಬಡ ಹೊಳೆ. ಅದಕ್ಕೆ ಗೋನೆಗಂಡ್ಲದ ಬಳಿ ಕಟ್ಟಿದ ಜಲಾಶಯ ಇದು, ಸುಮಾರು ನಾಲ್ಕೂವರೆ ಟಿಎಂಸಿ ಹಿಡಿಯುವಂಥದ್ದು. ಇದೇ ಜಿಲ್ಲೆಯ ಪೆದ್ದಪಾಡಿನಲ್ಲಿ ಬಡ ದಲಿತ ಕುಟುಂಬದಲ್ಲಿ ಹುಟ್ಟಿ 1960ರಲ್ಲಿ ಮುಖ್ಯಮಂತ್ರಿಯಾದ ದಾಮೋದರಂ ಸಂಜೀವಯ್ಯನವರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಹಂದ್ರಿ-ನೀವಾ ಕಾಲುವೆಯಲ್ಲಿ ಕೃಷ್ಣೆಯ ನೀರು ಬರತೊಡಗಿದ ಮೇಲೆ ಮಳೆ ಕೈಕೊಟ್ಟ ವರ್ಷವೂ ಇದನ್ನು ಪೂರ್ತಿ ಬರಿದಾಗದಂತೆ ನೋಡಿಕೊಳ್ಳಲು ದಾರಿಯಾಗಿದೆ. ಹೊಳೆಯ ಸೆಳವು ಇಲ್ಲಿಲ್ಲ, ಕಾಲುವೆಯ ಜಾರುದಡವಿಲ್ಲ. ಅಗಲವಾದ ನೀರು, ಉದ್ದನೆಯ ಮಣ್ಣಿನ ಏರಿ, ಸುತ್ತ ತಗ್ಗು ಗುಡ್ಡಗಳು. ಸಂಜೆ ಐದರ ನಂತರ ಏರಿಯ ಮೇಲೆ ಬೀಸುವ ಗಾಳಿಗೆ ಎಮ್ಮಿಗನೂರಿನವರು ಬಂದು ಕೂರುವುದು ವಾಡಿಕೆ. ಪತ್ತಿಕೊಂಡದ ಬಳಿಯ ಪಂದಿಕೋನ ಜಲಾಶಯಕ್ಕೂ ಇದೇ ಗುಣಗಳಿವೆ. ಅಲ್ಲಿಗೆ ಹೋದವರು ಪತ್ತಿಕೊಂಡದಲ್ಲಿ ಇನ್ನೊಂದು ನೀರನ್ನು ನೋಡಬೇಕು. ದತ್ತಮಂಡಲಗಳ ಕಲೆಕ್ಟರಾಗಿ ರೈತವಾರಿ ಪದ್ಧತಿ ತಂದ, ಆಮೇಲೆ ಮದ್ರಾಸಿನ ಗವರ್ನರಾದ ಥಾಮಸ್ ಮನ್ರೋ 1827ರ ಜುಲೈನಲ್ಲಿ ಇಲ್ಲಿ ಕಾಲರಾದಿಂದ ಸತ್ತ. ಅವನ ನೆನಪಿಗೆ ಹುಣಸೆ ತೋಪು ಹಾಕಿಸಿ ಕಲ್ಲುಕಟ್ಟಡದ ಬಾವಿ ಕಟ್ಟಿಸಿದರು. ದಾರಿಹೋಕರಿಗೆ ನೆರಳು ಮತ್ತು ನೀರು, ಈ ಬಿಸಿಲುಸೀಮೆಯಲ್ಲಿ ಒಬ್ಬನ ನೆನಪಿಗೆ ಅದಕ್ಕಿಂತ ತಕ್ಕದ್ದನ್ನು ನಾನು ಕಾಣೆ.

ಡೇರೆ ಹಾಕಿ ಉಳಿಯುವುದು ನಮ್ಮವರಿಗೆ ಹೊಸದು ಎಂದು ತಿಳಿಯಬಾರದು. ಶ್ರಾವಣದಲ್ಲಿ ಉರುಕುಂದಿಗೆ ಬಂಡಿ, ಟ್ರ್ಯಾಕ್ಟರ್ ಕಟ್ಟಿಕೊಂಡು ಬಂದ ಸಂಸಾರಗಳು ಮರದಡಿ ಬೀಡು ಬಿಟ್ಟು, ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತವೆ. ದಸರೆಯಲ್ಲಿ ದೇವರಗಟ್ಟಿನ ಮಾಳ ಮಲ್ಲೇಶ್ವರನ ಬೆಟ್ಟದಡಿ ಊರೂರಿನವರು ರಾತ್ರಿಯಿಡೀ ಬಯಲಲ್ಲೇ ಇರುತ್ತಾರೆ. ಎಲ್ಲಕ್ಕಿಂತ ವಿಶೇಷ ತುಗ್ಗಲಿ ಮಂಡಲದ ಜೊನ್ನಗಿರಿ. ಮುಂಗಾರಿನ ಮೊದಲ ಮಳೆ ಬಿದ್ದು ಮಣ್ಣು ತೊಳೆದಾಗ ಹೊಲದಲ್ಲಿ ವಜ್ರ ಸಿಗುತ್ತದೆಂದು ಜಿಲ್ಲೆ ಜಿಲ್ಲೆಗಳಿಂದ ಜನ ಬಂದು, ಮರದ ಕೆಳಗೆ, ಗುಡಿಯ ಜಗುಲಿಯ ಮೇಲೆ ವಾರಗಟ್ಟಲೆ ತಂಗುತ್ತಾರೆ. ಕೆಲವರಿಗೆ ಸಿಗುತ್ತದೆ ಕೂಡ. ಅದೇ ಸೀಮೆಯ ಬಂಡೆಯ ಮೇಲೆ ಅಶೋಕನ ಶಾಸನವಿದೆ. ವಜ್ರ ಹುಡುಕುವವರು ತಲೆಯೆತ್ತಿ ಅತ್ತ ಹೋಗುವುದು ಕಡಿಮೆ.

ಎರೆಯ ಮೇಲೆ ಡೇರೆ ಹಾಕುವವರಿಗೆ ನೆಲ ತನ್ನ ಕರಾರುಗಳನ್ನು ಮೊದಲೇ ಹೇಳುತ್ತದೆ. ಒಂದು ಹದ ಮಳೆ ಬಿದ್ದರೆ ಕಪ್ಪು ಮಣ್ಣು ಕಾಲಿಗೆ, ಗಾಲಿಗೆ ಹತ್ತಿ ಅಡಿ ದಪ್ಪವಾಗುತ್ತದೆ. ಕಾರು ಅಲ್ಲೇ ಉಳಿಯಿತು. ಬೇಸಿಗೆಯಲ್ಲಿ ಅದೇ ನೆಲ ಕೈ ಹೋಗುವಷ್ಟು ಬಿರುಕು ಬಿಟ್ಟು, ಬಿರುಕುಗಳಲ್ಲಿ ಚೇಳು, ಹಾವು ಸೇರುತ್ತವೆ. ಹಾಗಾಗಿ ನವೆಂಬರ್‌ನಿಂದ ಫೆಬ್ರವರಿ, ಅದೂ ಕೆಂಪು ಮೊರಡಿಯ ಮೇಲೆ, ಇಲ್ಲವೇ ಬಂಡೆಯ ಸಪಾಟಿನ ಮೇಲೆ. ಆಲೂರು, ಆಸ್ಪರಿ, ಹೊಳಗುಂದಿಯ ಬಯಲಿನಲ್ಲಿ ನಸುಕಿಗೆ ಎದ್ದರೆ ಕೃಷ್ಣಮೃಗಗಳ ಹಿಂಡು ಕಾಣುತ್ತದೆ. ರೈತರಿಗೆ ಅವು ಬೆಳೆ ತಿನ್ನುವ ಪೀಡೆ, ನಮಗೆ ಕಣ್ಣಿಗೆ ಹಬ್ಬ; ಈ ಎರಡೂ ನಿಜ ಎಂಬುದನ್ನು ನೆನಪಿಟ್ಟು ಹೊಲದ ಬದುವಿನ ಮೇಲೆ ನಡೆಯಬೇಕು. ಬುತ್ತಿಗೆ ಚಿಂತೆಯಿಲ್ಲ. ಬೆಳಗಿನ ಹೊತ್ತು ಯಾವ ಊರಿನ ಬಸ್‌ಸ್ಟ್ಯಾಂಡಿನಲ್ಲೂ ಬಿಸಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಸಿಗುತ್ತದೆ.

ಊರಿಲ್ಲದ ಕಡೆ ಡೇರೆ ಹಾಕಬೇಡಿ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ. 2025ರ ಮಾರ್ಚ್‌ನಲ್ಲಿ ಗಂಗಾವತಿ ಕಡೆಯ ಸಣಾಪುರದ ಕಾಲುವೆಯ ಬಳಿ ರಾತ್ರಿ ಕುಳಿತಿದ್ದ ಪ್ರವಾಸಿಗರ ಮೇಲೆ ನಡೆದ ಹಲ್ಲೆ, ಅತ್ಯಾಚಾರ, ಕೊಲೆ ಇಡೀ ಹೊಳೆಸೀಮೆಯನ್ನು ತಲೆತಗ್ಗಿಸುವಂತೆ ಮಾಡಿದವು. ಊರಿನ ಶಾಲೆಯಂಗಳದಲ್ಲೋ ಗುಡಿಯ ಬಯಲಿನಲ್ಲೋ, ಊರ ಹಿರಿಯರಿಗೆ ಹೇಳಿ ತಂಗಿದರೆ ಕಾವಲೂ ಇರುತ್ತದೆ, ಕುಡಿಯಲು ನೀರೂ ಸಿಗುತ್ತದೆ. ಸಂಜೆ ಅವರೊಂದಿಗೆ ಮಾತಿಗೆ ಕೂತರೆ ಹೊಳೆಯ ವಿಷಯ ಇಂಥ ಲೇಖನಗಳಿಗಿಂತ ಹೆಚ್ಚು ತಿಳಿಯುತ್ತದೆ.

ಸರ್ಕಾರ ಮಾಡಬೇಕಾದ ಕೆಲಸ ದೊಡ್ಡ ರೆಸಾರ್ಟಿನದಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಗೋದಾವರಿಯ ಕಚ್ಚುಲೂರಿನ ಬಳಿ ಪ್ರವಾಸಿ ದೋಣಿ ಮುಳುಗಿ ಹತ್ತಾರು ಜನ ಸತ್ತ ಮೇಲೆ ಆಂಧ್ರದಲ್ಲಿ ದೋಣಿಗಳ ಮೇಲಿನ ಕಣ್ಗಾವಲು ಬಿಗಿಯಾಯಿತು. ಅದು ಸರಿಯಾದದ್ದೇ. ಆದರೆ ಡೀಸೆಲ್ ದೋಣಿಗೆ ಬರೆದ ನಿಯಮವನ್ನೇ ಬಿದಿರಿನ ಪುಟ್ಟಿಗೂ ಹಚ್ಚಿದರೆ ಬಡ ಅಂಬಿಗ ಆ ಕಾಗದ ಪತ್ರಗಳನ್ನು ತರಲಾರ. ಕದ್ದು ಓಡಿಸುತ್ತಾನೆ, ಇಲ್ಲವೇ ಬಿಟ್ಟು ಗುಂಟೂರಿಗೆ ಹೋಗುತ್ತಾನೆ. ಹರಿಗೋಲಿಗೆ ತಕ್ಕ ಸರಳ ಪರವಾನಗಿ, ಎಷ್ಟು ಜನ ಹತ್ತಬಹುದೆಂಬ ಗೆರೆ, ಎಲ್ಲರಿಗೂ ಲೈಫ್ ಜಾಕೆಟ್ಟು, ಡ್ಯಾಮಿನಿಂದ ನೀರು ಬಿಟ್ಟ ಕೂಡಲೇ ಅಗಸನೂರು, ಮಂತ್ರಾಲಯ, ನಾಗಲದಿನ್ನೆಯ ದೋಣಿಯವರ ಮೊಬೈಲಿಗೆ ಹೋಗುವ ಒಂದು ಸಂದೇಶ, ಇಷ್ಟನ್ನು ಒಂದೇ ಮಳೆಗಾಲದೊಳಗೆ ಮಾಡಿ ಮುಗಿಸಬಹುದು. ಗಾಜುಲದಿನ್ನೆಯಲ್ಲಿ ದೋಣಿವಿಹಾರದ ಗುತ್ತಿಗೆಯನ್ನು ಹೊರಗಿನ ಕಂಟ್ರಾಕ್ಟರಿಗೆ ಹರಾಜು ಹಾಕುವ ಮೊದಲು ಅಲ್ಲಿಯ ಮೀನುಗಾರರ ಸಂಘವನ್ನು ಕೇಳಬೇಕು. ಆ ನೀರಿನ ಮೇಲೆ ಬಲೆ ಬೀಸುವವರಿಗೂ ದೋಣಿ ಓಡಿಸುವವರಿಗೂ ಜಗಳ ಹುಟ್ಟಿದರೆ ಎರಡೂ ನಿಲ್ಲುತ್ತವೆ. ಇಬ್ಬರೂ ಒಬ್ಬರೇ ಆದರೆ ಡಿಸೆಂಬರ್‌ನಲ್ಲಿ ಬೀಗ ಬೀಳುವ ಮನೆಗಳಲ್ಲಿ ಕೆಲವಾದರೂ ತೆರೆದಿರುತ್ತವೆ.